ಮರದ ಪೆನ್ನು ಬಿರಿಯುವುದೇಕೆ? ಲೇತ್ ಕಡೆತದ ಬಗ್ಗೆ ಓದುಗರ ಪ್ರಶ್ನೆಗಳು

ಮರವನ್ನು ತಿರುಗಿಸುತ್ತ ಉಳಿಯಿಂದ ಕಡೆಯಲು ನೆರವಾಗುವ ಲೇತ್ ಯಂತ್ರದಲ್ಲಿ ಮರದ ಪೆನ್ನು ಕಡೆಯುವ ಹವ್ಯಾಸದ ಬಗ್ಗೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯ ಪೆನ್ನನ್ನು ಕುರಿತಾಗಿವೆ. ಚೌಕನೆಯ ಮರದ ತುಂಡಿಗೆ ಉದ್ದುದ್ದ ರಂಧ್ರ ಕೊರೆದು, ಅದರೊಳಗೆ ತೆಳ್ಳನೆಯ ಹಿತ್ತಾಳೆ ಕೊಳವೆಯನ್ನು ಅಂಟಿಸಿ, ಹೊರಮೈಯನ್ನು ಲೇತಿನಲ್ಲಿ ದುಂಡಗೆ ಕಡೆದು, ಕೊನೆಗೆ ಮೂತಿ, ಕ್ಲಿಪ್, ರಿಫಿಲ್ ತಿರುಗಿಸುವ ಬಿಡಿಭಾಗ ಮುಂತಾದವನ್ನು ಆ ಕೊಳವೆಯೊಳಕ್ಕೆ ಒತ್ತಿ ಕೂಡಿಸುವ ಬಾಲ್‌ಪೆನ್ನು ಅದು. ಲೋಹದ ಭಾಗಗಳೆಲ್ಲ ಒಂದು ಕಿಟ್ ಆಗಿ ದೊರೆಯುತ್ತವೆ. ಮರ ಮತ್ತು ಕೈಕೆಲಸ ಮಾತ್ರ ನಮ್ಮದು. ಪತ್ರಗಳನ್ನು ಒಟ್ಟಿಗೆ ಇಟ್ಟು ಓದಿದಾಗ ನನಗೆ ಕಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ದೂರುಗಳು ಲೇತಿನ ಮೇಲೋ ಪೆನ್ನು ಮುಗಿದ ಮೇಲೋ ಕಾಣಿಸಿಕೊಂಡಿವೆಯಾದರೂ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹುಟ್ಟಿದ್ದು ಮರ ಲೇತ್ ಹತ್ತುವುದಕ್ಕೆ ಮೊದಲು.

ಪ್ರಶ್ನೆ: ಎರಡು ತಿಂಗಳ ಹಿಂದೆ ಮುಗಿಸಿದ ಪೆನ್ನು ಆಗ ಕನ್ನಡಿಯಂತೆ ಹೊಳೆಯುತ್ತಿತ್ತು. ಈಗ ಅದರ ಉದ್ದಕ್ಕೂ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಟ್ಟಿದೆ. ಪೆನ್ನು ಒಮ್ಮೆಯೂ ಕೈಜಾರಿ ಬಿದ್ದಿಲ್ಲ. ಕಡೆಯುವಾಗ ನಾನು ಎಲ್ಲಿ ತಪ್ಪಿದೆ?

ಉತ್ತರ: ಕಡೆಯುವಾಗ ನೀವು ತಪ್ಪಿದಂತೆ ತೋರುವುದಿಲ್ಲ. ಉದ್ದಕ್ಕೆ, ಎಳೆಯ ಗುಂಟ ಬಿಡುವ ಬಿರುಕು ಬಹುಮಟ್ಟಿಗೆ ಮರ ಪೂರ್ತಿ ಒಣಗಿರಲಿಲ್ಲ ಎಂಬುದರ ಗುರುತು. ಮರವು ಗಾಳಿಯ ತೇವಕ್ಕೆ ತಕ್ಕಂತೆ ನೀರನ್ನು ಹೀರುತ್ತದೆ, ಬಿಡುತ್ತದೆ. ತೇವಾಂಶ ಸುಮಾರು ಶೇಕಡ 30ಕ್ಕಿಂತ ಕೆಳಗಿಳಿದಾಗಿನಿಂದ ಅದು ಕುಗ್ಗಲು ತೊಡಗುತ್ತದೆ. ಈ ಕುಗ್ಗುವಿಕೆ ಎಲ್ಲ ದಿಕ್ಕಿಗೂ ಸಮವಾಗಿ ಇರುವುದಿಲ್ಲ. ಎಳೆಯ ಉದ್ದಕ್ಕೆ ಅದು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಕಾಂಡದ ನಡುವಿನಿಂದ ಹೊರಕ್ಕೆ ಹೋಗುವ ದಿಕ್ಕಿನಲ್ಲಿ, ಹಸಿಯಿಂದ ಪೂರ್ತಿ ಒಣಗುವವರೆಗೆ, ಸರಾಸರಿ ಶೇಕಡ 4ರಷ್ಟು. ವಾರ್ಷಿಕ ಉಂಗುರಗಳ ಗುಂಟ ಅದರ ಸುಮಾರು ಇಮ್ಮಡಿ, ಶೇಕಡ 8ರಷ್ಟು. ಶೇಕಡ 14 ತೇವವಿದ್ದ ತುಂಡನ್ನು ನೀವು ಕಡೆದಿರಿ, ಆಮೇಲೆ ಒಣಹವೆಯಲ್ಲಿ ಅದು ಶೇಕಡ 8ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಆಗ ಉಂಗುರಗಳ ದಿಕ್ಕಿನಲ್ಲಿ ಮರವು ಶೇಕಡ ಒಂದೂವರೆಗಿಂತ ತುಸು ಹೆಚ್ಚು ಕುಗ್ಗಬೇಕಾಗುತ್ತದೆ, ಅಂದರೆ 7 ಮಿಲಿಮೀಟರಿನ ರಂಧ್ರ ಆ ದಿಕ್ಕಿನಲ್ಲಿ ಸುಮಾರು 0.1 ಮಿಲಿಮೀಟರಿನಷ್ಟು ಕಿರಿದಾಗಬೇಕಾಗುತ್ತದೆ. ಒಳಗೆ ಹಿತ್ತಾಳೆ ಇಲ್ಲದಿದ್ದರೆ ಅದು ಸದ್ದಿಲ್ಲದೆ ಕಿರಿದಾಗುತ್ತಿತ್ತು. ಹಿತ್ತಾಳೆಗೆ ತೇವದ ಹಂಗಿಲ್ಲ, ಅದು ಜಾಗ ಬಿಡುವುದಿಲ್ಲ. ಕೊಳವೆಯ ಸುತ್ತ ಉಳಿದಿರುವ ಮರವೋ ಒಂದೂವರೆ, ಎರಡು ಮಿಲಿಮೀಟರ್ ದಪ್ಪದ್ದು. ಎಳೆಗೆ ಅಡ್ಡವಾಗಿ ಎಳೆದರೆ ಯಾವ ಮರಕ್ಕೂ ಹೆಚ್ಚು ತಾಳಿಕೆಯಿಲ್ಲ. ಹೀಗಾಗಿ ತೀರ ದುರ್ಬಲವಾದ ಎಳೆಯ ಗುಂಟ ಅದು ಬಿಟ್ಟುಕೊಳ್ಳುತ್ತದೆ.

ಬಿಸಿಲಿಗೆ ಹಿತ್ತಾಳೆ ಹಿಗ್ಗಿ ಮರವನ್ನು ಸೀಳುತ್ತದೆಂದು ಕೆಲವರು ಹೇಳುವುದುಂಟು. ಇಪ್ಪತ್ತು ಡಿಗ್ರಿ ಶಾಖ ಹೆಚ್ಚಿದರೂ ಹಿತ್ತಾಳೆ ಹಿಗ್ಗುವುದು ಶೇಕಡ 0.04ರಷ್ಟು ಮಾತ್ರ, ಮೇಲಿನ ಲೆಕ್ಕದ ಮುಂದೆ ಅದು ಏನೂ ಅಲ್ಲ.

ಹಾಗಾದರೆ ಒಣಗಿದೆಯೆಂದು ತಿಳಿಯುವುದು ಹೇಗೆ? ತೇವಮಾಪಕದ ಸೂಜಿಗಳು ಇಷ್ಟು ಸಣ್ಣ ತುಂಡಿನಲ್ಲಿ ನಂಬಿಕೆಗೆ ತಕ್ಕ ಅಂಕಿ ಕೊಡುವುದು ಕಷ್ಟ. ಗ್ರಾಮಿನ ಹತ್ತನೇ ಒಂದು ಭಾಗವನ್ನು ತೋರಿಸುವ ಚಿಕ್ಕ ತೂಕದ ಯಂತ್ರ ಅದಕ್ಕಿಂತ ಪ್ರಾಮಾಣಿಕ. 19 ಮಿಲಿಮೀಟರ್ ಚೌಕದ, 127 ಮಿಲಿಮೀಟರ್ ಉದ್ದದ ಗಟ್ಟಿಮರದ ತುಂಡು ಸುಮಾರು 30 ಗ್ರಾಂ ತೂಗುತ್ತದೆ, ಆದ್ದರಿಂದ ಶೇಕಡ ಒಂದರಷ್ಟು ತೇವ ಹೋದರೆ 0.3 ಗ್ರಾಂ ಇಳಿಯುತ್ತದೆ. ತುಂಡಿನ ಮೈಮೇಲೆಯೇ ಪೆನ್ಸಿಲಿನಲ್ಲಿ ತಾರೀಖು ಮತ್ತು ತೂಕ ಬರೆದು, ವಾರಕ್ಕೊಮ್ಮೆ ತೂಗಿ. ಮೂರು ವಾರ ಒಂದೇ ಅಂಕಿ ಬಂದರೆ ಅದು ನಿಮ್ಮ ಕೋಣೆಯ ಗಾಳಿಯೊಂದಿಗೆ ರಾಜಿಯಾಗಿದೆ ಎಂದರ್ಥ. ರಂಧ್ರ ಕೊರೆದ ಮೇಲೆ ತಕ್ಷಣ ಕೊಳವೆ ಅಂಟಿಸದೆ ಇನ್ನೊಂದು ವಾರ ಬಿಡುವುದು ನನ್ನ ರೂಢಿ. ಒಳಗಿನಿಂದಲೂ ಗಾಳಿ ಆಡುವುದರಿಂದ ಹೊರಗೆ ಒಣಗಿದಂತೆ ಕಂಡ ಎಷ್ಟೋ ತುಂಡುಗಳು ಆ ವಾರದಲ್ಲಿ ಮತ್ತೆ ತೂಕ ಕಳೆದುಕೊಂಡದ್ದನ್ನು ಕಂಡಿದ್ದೇನೆ. ನನ್ನ ಮೊದಲ ವರ್ಷದ ಪೆನ್ನುಗಳಲ್ಲಿ ಹಲವು ನಿಮ್ಮದರಂತೆಯೇ ಬಿರಿದವು, ಅವುಗಳಲ್ಲಿ ಒಂದೆರಡು ಉಡುಗೊರೆಯಾಗಿ ಕೊಟ್ಟವು. ತೂಕದ ಅಭ್ಯಾಸ ಬಂದದ್ದು ಆ ನಾಚಿಕೆಯಿಂದ.

ಪ್ರಶ್ನೆ: ಕೊರೆಯುವಾಗ ಬಿಟ್ ಒಂದು ಬದಿಯಲ್ಲಿ ನಡುವಿನಿಂದಲೇ ಹೊರಟರೂ ಇನ್ನೊಂದು ಬದಿಯಲ್ಲಿ ಅಂಚಿಗೆ ಸರಿದು ಹೊರಬರುತ್ತದೆ. ಕೆಲವೊಮ್ಮೆ ಹೊರಬರುವ ಕಡೆ ಮರ ಸೀಳಿಹೋಗುತ್ತದೆ. ಬಿಟ್ ಬದಲಿಸಬೇಕೆ?

ಉತ್ತರ: ಬಿಟ್ ಮೊಂಡಾಗಿದ್ದರೆ ಬದಲಿಸಿ, ಆದರೆ ಎರಡೂ ತೊಂದರೆಗಳಿಗೆ ಕಾರಣ ಬೇರೆ ಬೇರೆ. ಬಿಟ್ ಸರಿಯುವುದು ಮರದ ಎಳೆಯನ್ನು ಹಿಂಬಾಲಿಸುವುದರಿಂದ. ಓರೆ ಎಳೆಯಿರುವ ತುಂಡಿನಲ್ಲಿ, ಅದರಲ್ಲೂ ಒಂದು ಉಂಗುರ ಮೆತ್ತಗೆ ಮುಂದಿನದು ಗಟ್ಟಿ ಎಂಬಂತಿರುವ ಮರದಲ್ಲಿ, ಬಿಟ್ ತನಗೆ ಸುಲಭವಾದ ದಾರಿಯನ್ನು ಹಿಡಿಯುತ್ತದೆ. ಕೊರೆದ ಹೊಟ್ಟು ಬಿಟ್ಟಿನ ತೋಡುಗಳಲ್ಲಿ ತುಂಬಿಕೊಂಡರೆ ಈ ಗುಣ ಇನ್ನೂ ಹೆಚ್ಚುತ್ತದೆ. ಆದ್ದರಿಂದ ನಿಮಿಷಕ್ಕೆ 500ರಿಂದ 800 ಸುತ್ತಿನ ನಿಧಾನ ವೇಗದಲ್ಲಿ, ಒಂದು ಸಲಕ್ಕೆ ಬೆರಳ ಅಗಲದಷ್ಟು ಮಾತ್ರ ಇಳಿಸಿ, ಬಿಟ್ಟನ್ನು ಪೂರ್ತಿ ಹೊರಗೆಳೆದು ಹೊಟ್ಟನ್ನು ಕೊಡವಿ ಮತ್ತೆ ಇಳಿಸಬೇಕು. ಬಿಟ್ಟನ್ನು ಮುಟ್ಟಿದರೆ ಬೆರಳಿಗೆ ಬಿಸಿ ಹತ್ತುವಂತಿದ್ದರೆ ನಿಲ್ಲಿಸಿ, ಆರಲು ಬಿಡಿ. ಆ ಶಾಖ ರಂಧ್ರದ ಒಳಮೈಯನ್ನು ಒಮ್ಮೆಗೇ ಒಣಗಿಸಿ ಕಣ್ಣಿಗೆ ಕಾಣದ ಸೀಳುಗಳನ್ನು ಮಾಡುತ್ತದೆ, ಅವು ಪಾಲಿಶ್ ಹಚ್ಚಿದ ಮೇಲೆ ತಮ್ಮ ಮುಖ ತೋರಿಸುತ್ತವೆ.

ತುಂಡನ್ನು ಕಚ್ಚಿ ಹಿಡಿಯುವ ನಾಲ್ಕು ದವಡೆಯ ಚಕ್ ಇದ್ದರೆ ಡ್ರಿಲ್ ಯಂತ್ರವನ್ನು ಬಿಟ್ಟು ಲೇತಿನಲ್ಲೇ ಕೊರೆಯಿರಿ. ಮರದ ತುಂಡು ತಿರುಗುತ್ತದೆ, ಬಿಟ್ ಟೇಲ್‌ಸ್ಟಾಕಿನಲ್ಲಿ ಅಂದರೆ ಲೇತಿನ ಎದುರು ತುದಿಯ ಆಧಾರದಲ್ಲಿ, ತಿರುಗದೆ ನಿಂತು ಮುಂದೆ ಬರುತ್ತದೆ. ಈ ಏರ್ಪಾಡಿನಲ್ಲಿ ಬಿಟ್ ನಡುವಿಗೆ ಮರಳುವ ಪ್ರವೃತ್ತಿ ಹೆಚ್ಚು. ಮೊದಲು ಮೊಟಕಾದ ಸೆಂಟರ್ ಬಿಟ್ಟಿನಿಂದ ಒಂದು ಗುಳಿ ಮಾಡಿಕೊಳ್ಳುವುದನ್ನು ಮರೆಯಬೇಡಿ.

ಇನ್ನು ಸೀಳಿಕೆ. ಬಿಟ್ ಹೊರಬರುವ ಕೊನೆಯ ಒಂದೆರಡು ಮಿಲಿಮೀಟರಿನಲ್ಲಿ ಹಿಂದೆ ಆಸರೆಯಿಲ್ಲದ ಮರ ಒಡೆದುಕೊಳ್ಳುತ್ತದೆ. ತುಂಡನ್ನು ಕೊಳವೆಗಿಂತ ಹತ್ತು ಮಿಲಿಮೀಟರ್ ಉದ್ದ ಇಟ್ಟುಕೊಂಡು, ಬಿಟ್ ಹೊರಬರುವ ಮೊದಲೇ ನಿಲ್ಲಿಸಿ, ಆ ತುದಿಯನ್ನು ಗರಗಸದಿಂದ ಕತ್ತರಿಸಿದರೆ ರಂಧ್ರ ತಾನಾಗಿ ತೆರೆದುಕೊಳ್ಳುತ್ತದೆ. ಹೊರಬರುವ ತುದಿಯೇ ಇಲ್ಲದಿದ್ದರೆ ಸೀಳುವುದಕ್ಕೂ ಏನೂ ಉಳಿಯುವುದಿಲ್ಲ.

ಪ್ರಶ್ನೆ: ಹಿತ್ತಾಳೆ ಕೊಳವೆ ಅಂಟಿಸಲು ಸೂಪರ್ ಗ್ಲೂ ಒಳ್ಳೆಯದೋ ಎಪಾಕ್ಸಿಯೋ? ಕಡೆಯುವಾಗ ನನ್ನ ಒಂದು ತುಂಡು ಕೊಳವೆಯ ಮೇಲೆ ಜಾರಿ ಗಿರಗಿರನೆ ತಿರುಗಿಬಿಟ್ಟಿತು.

ಉತ್ತರ: ನನ್ನ ಮತ ಎಪಾಕ್ಸಿಗೆ, ಅಂದರೆ ಎರಡು ಭಾಗಗಳನ್ನು ಬೆರೆಸಿ ಹಚ್ಚುವ ಅಂಟಿಗೆ. ಸೂಪರ್ ಗ್ಲೂ, ಅಂದರೆ ಸೈನೋಅಕ್ರಿಲೇಟ್, ಗಾಳಿಯಲ್ಲಿ ಮತ್ತು ಮೈಮೇಲೆ ಇರುವ ಅತ್ಯಲ್ಪ ತೇವದಿಂದಲೇ ಗಟ್ಟಿಯಾಗುವ ಅಂಟು. ಕೊಳವೆ ಅರ್ಧ ಒಳಗೆ ಹೋದಾಗಲೇ ಅದು ಹಿಡಿದುಕೊಂಡರೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎಪಾಕ್ಸಿ ಕೆಲವು ನಿಮಿಷ ಬಿಡುವು ಕೊಡುತ್ತದೆ, ರಂಧ್ರ ಕೊಂಚ ದೊಡ್ಡದಾಗಿದ್ದರೆ ಆ ಸಂದನ್ನೂ ತುಂಬುತ್ತದೆ. ಐದು ನಿಮಿಷದ್ದೆಂದು ಮಾರುವ ಎಪಾಕ್ಸಿಯನ್ನೂ ಒಂದು ರಾತ್ರಿ ಬಿಟ್ಟು ಮರುದಿನವೇ ಲೇತಿಗೆ ಏರಿಸಿ.

ಆದರೆ ನಿಮ್ಮ ತುಂಡು ಜಾರಿದ್ದು ಅಂಟಿನ ಜಾತಿಯಿಂದ ಇರಲಾರದು. ಹೊಸ ಕೊಳವೆಯ ಮೈ ನುಣುಪಾಗಿರುತ್ತದೆ, ಅದರ ಮೇಲೆ ಎಣ್ಣೆಯ ಜಿಡ್ಡೂ ಇರುತ್ತದೆ. 150ನೇ ಅಂಕೆಯ (ಅಂಕೆ ಹೆಚ್ಚಿದಷ್ಟೂ ಕಾಗದ ನಯ) ಉಪ್ಪುಕಾಗದದಿಂದ ಅದರ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿ, ಅಸಿಟೋನಿನಿಂದ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟದೆ ಅಂಟಿಸಿ. ಬೀಟೆ, ಆಲಿವ್ ಮುಂತಾದ ಎಣ್ಣೆಯ ಅಂಶವುಳ್ಳ ಮರಗಳ ರಂಧ್ರದ ಒಳಮೈಯನ್ನೂ ಅಸಿಟೋನ್ ಹಚ್ಚಿದ ಕಡ್ಡಿಯಿಂದ ಒರೆಸುವುದು ಒಳ್ಳೆಯದು. ಕೊಳವೆಯನ್ನು ನೇರವಾಗಿ ತಳ್ಳದೆ ತಿರುಗಿಸುತ್ತ ಒಳಗೆ ಬಿಟ್ಟರೆ ಅಂಟು ಎಲ್ಲ ಕಡೆ ಹರಡುತ್ತದೆ. ಎರಡೂ ತುದಿಗಳ ಬಾಯಿಗೆ ಮೊದಲೇ ಸ್ವಲ್ಪ ಮೇಣ ಒತ್ತಿಟ್ಟರೆ ಅಂಟು ಒಳಗೆ ನುಗ್ಗುವುದಿಲ್ಲ.

ಪ್ರಶ್ನೆ: ಕಡೆದ ಮೇಲೆ ನೋಡಿದರೆ ಒಂದು ಬದಿಯಲ್ಲಿ ಮರ ಲೋಹದ ಉಂಗುರಕ್ಕೆ ಸಮವಾಗಿದೆ, ಎದುರು ಬದಿಯಲ್ಲಿ ಎದ್ದು ನಿಂತಿದೆ. ಲೇತ್ ಹೊಸದು. ದೋಷ ಲೇತಿನದೇ?

ಉತ್ತರ: ಈ ಪ್ರಶ್ನೆ ಮೂರು ಪತ್ರಗಳಲ್ಲಿ ಬಂದಿದೆ, ಮೂವರೂ ಲೇತನ್ನೇ ದೂರಿದ್ದಾರೆ. ಲೇತನ್ನು ಹಿಂದಿರುಗಿಸುವ ಮೊದಲು ಮ್ಯಾಂಡ್ರೆಲನ್ನು ಪರೀಕ್ಷಿಸಿ. ಕೊಳವೆ ಅಂಟಿಸಿದ ತುಂಡುಗಳನ್ನೂ ಅವುಗಳ ಅಕ್ಕಪಕ್ಕದಲ್ಲಿ ಕಡೆತದ ಅಳತೆ ತೋರಿಸುವ ಉಕ್ಕಿನ ಉಂಗುರಗಳಾದ ಬುಶ್‌ಗಳನ್ನೂ ಪೋಣಿಸಿ ಹಿಡಿಯುವ ಈ ಸರಳು ಸುಮಾರು ಆರು ಮಿಲಿಮೀಟರ್ ದಪ್ಪದ್ದು. ತುಂಡುಗಳು ಜಾರಬಾರದೆಂದು ಕೊನೆಯ ನಟ್ಟನ್ನು ಬಲವಾಗಿ ಬಿಗಿದು, ಟೇಲ್‌ಸ್ಟಾಕನ್ನೂ ಬಲವಾಗಿ ಒತ್ತಿದರೆ ಆ ತೆಳ್ಳನೆಯ ಸರಳು ಬಿಲ್ಲಿನಂತೆ ಬಾಗುತ್ತದೆ. ಬಾಗು ಕಣ್ಣಿಗೆ ಕಾಣುವುದಿಲ್ಲ, ಆದರೆ ತಿರುಗುವಾಗ ಮರದ ನಡುಭಾಗ ಅಚ್ಚಿನ ಸುತ್ತ ಸಣ್ಣ ವೃತ್ತವನ್ನು ಬರೆಯುತ್ತಿರುತ್ತದೆ. ಉಳಿ ಹೊರಮೈಯನ್ನು ಲೇತಿನ ಅಚ್ಚಿಗೆ ತಕ್ಕಂತೆ ದುಂಡಗೆ ಮಾಡುತ್ತದೆಯೇ ಹೊರತು ಕೊಳವೆಯ ಅಚ್ಚಿಗೆ ತಕ್ಕಂತೆ ಅಲ್ಲ. ಹೀಗೆ ಹೊರಗಿನ ದುಂಡು, ಒಳಗಿನ ದುಂಡು ಎರಡೂ ಸರಿಯಾಗಿದ್ದು, ಅವುಗಳ ಕೇಂದ್ರಗಳು ಮಾತ್ರ ಬೇರೆಯಾಗುತ್ತವೆ.

ಪರೀಕ್ಷೆ ಸುಲಭ. ನಟ್ಟನ್ನು ಬೆರಳಿನಿಂದ ಎಷ್ಟು ಬಿಗಿಯಬಹುದೋ ಅಷ್ಟೇ ಬಿಗಿಯಿರಿ, ಟೇಲ್‌ಸ್ಟಾಕಿನ 60 ಡಿಗ್ರಿಯ ಮೊನೆಯುಳ್ಳ ತಿರುಗುವ ಸೆಂಟರ್ ಮ್ಯಾಂಡ್ರೆಲಿನ ತುದಿಯನ್ನು ಮುಟ್ಟಿ ತಾನೂ ತಿರುಗಲು ತೊಡಗುವಷ್ಟೇ ಒತ್ತಿ, ಬುಶ್‌ಗಳ ಮೈಗೆ ಬೆರಳುಗುರನ್ನು ಹಗುರವಾಗಿ ತಾಗಿಸಿ ಲೇತನ್ನು ಕೈಯಿಂದ ತಿರುಗಿಸಿ. ಉಗುರು ಮೇಲೆ ಕೆಳಗೆ ಆಡಿದರೆ ಸರಳು ಬಾಗಿದೆ. ಈ ಸಡಿಲಿಕೆಯಲ್ಲಿ ಆಟ ನಿಂತರೆ ತಪ್ಪು ಬಿಗಿತದ್ದು. ನಿಲ್ಲದಿದ್ದರೆ ಸರಳು ಶಾಶ್ವತವಾಗಿ ಬಾಗಿದೆ, ಬದಲಿಸಬೇಕು.

ಇಷ್ಟಾದರೂ ಇನ್ನೊಂದು ಕಾರಣವಿದೆ, ಅದನ್ನು ಬಹಳ ಮಂದಿ ಗಮನಿಸುವುದಿಲ್ಲ. ತುಂಡಿನ ಎರಡು ತುದಿಗಳು ಕೊಳವೆಗೆ ನೇರ ಲಂಬವಾಗಿ ಇರಬೇಕು. ಒಂದು ತುದಿ ಕೂದಲಿನಷ್ಟು ಓರೆಯಾಗಿದ್ದರೂ ನಟ್ ಬಿಗಿಯುವಾಗ ಬುಶ್ ಆ ಓರೆಗೆ ಒರಗಿ ಮ್ಯಾಂಡ್ರೆಲನ್ನು ಬಗ್ಗಿಸುತ್ತದೆ, ಆಗ ಎಷ್ಟು ಒಳ್ಳೆಯ ಮ್ಯಾಂಡ್ರೆಲ್ ತಂದರೂ ಉಪಯೋಗವಿಲ್ಲ. ಕೊಳವೆಯೊಳಗೆ ಕೂರುವ ಸರಳಿನ ಸುತ್ತ ಹಲ್ಲುಗಳಿರುವ ಟ್ರಿಮ್ಮರಿನಿಂದ ತುದಿಗಳನ್ನು ಹೆರೆದು, ಹಿತ್ತಾಳೆಯ ಹೊಳೆಯುವ ಅಂಚು ಸುತ್ತಲೂ ಸಮನಾಗಿ ಕಂಡ ಕೂಡಲೇ ನಿಲ್ಲಿಸಿ. ಇನ್ನೂ ಹೆರೆದರೆ ಕೊಳವೆಯೇ ಗಿಡ್ಡವಾಗಿ, ಕೊನೆಗೆ ರಿಫಿಲ್ಲಿನ ಅಳತೆ ಕೆಡುತ್ತದೆ. ಮ್ಯಾಂಡ್ರೆಲನ್ನೇ ಕೈಬಿಟ್ಟು, ಒಂದೊಂದೇ ತುಂಡನ್ನು ಎರಡು ಸೆಂಟರುಗಳ ನಡುವೆ ಶಂಕುವಿನ ಬಾಯುಳ್ಳ ಬುಶ್‌ಗಳ ಮೇಲೆ ಹಿಡಿದು ಕಡೆಯುವ ಕ್ರಮವೂ ಇದೆ. ಸಮಯ ಹೆಚ್ಚು ಬೇಕು, ಆದರೆ ಬಾಗುವ ಸರಳೇ ಅಲ್ಲಿಲ್ಲ. ನಾನು ಆ ಕ್ರಮಕ್ಕೆ ಹೋದವನು ಹಿಂದಿರುಗಿಲ್ಲ.

ಪ್ರಶ್ನೆ: ಯಾವ ಉಳಿಯಿಂದ ಶುರು ಮಾಡಬೇಕು, ಲೇತಿನ ವೇಗ ಎಷ್ಟಿರಬೇಕು? ಮರ ಸಿಬಿರು ಸಿಬಿರಾಗಿ ಕಿತ್ತುಬರುತ್ತಿದೆ.

ಉತ್ತರ: ಮೊದಲು ವೇಗ. ಮರವು ಉಳಿಯ ಅಂಚನ್ನು ದಾಟುವ ವೇಗ ಅದರ ವ್ಯಾಸವನ್ನು ಅವಲಂಬಿಸಿದೆ. 12 ಮಿಲಿಮೀಟರ್ ದಪ್ಪದ ಪೆನ್ನು ನಿಮಿಷಕ್ಕೆ 3000 ಸುತ್ತು ತಿರುಗಿದಾಗ ಅದರ ಮೈ ನಿಮಿಷಕ್ಕೆ ಸುಮಾರು 113 ಮೀಟರ್ ಸಾಗುತ್ತದೆ. ಒಂದು ಅಡಿ ಅಗಲದ ಬಟ್ಟಲಿನ ಅಂಚು ನಿಮಿಷಕ್ಕೆ 1000 ಸುತ್ತಿನಲ್ಲೇ ಅದರ ಎಂಟು ಪಟ್ಟಿಗೂ ಹೆಚ್ಚು ಸಾಗುತ್ತದೆ. ಆದ್ದರಿಂದ ಪೆನ್ನಿಗೆ 2500ರಿಂದ 3000 ಸುತ್ತು ಅತಿಯಲ್ಲ. ಚೌಕ ತುಂಡಿನ ಮೂಲೆಗಳು ಹೋಗುವವರೆಗೆ 1500ರ ಒಳಗಿರಲಿ, ದುಂಡಾದ ಮೇಲೆ ಏರಿಸಿ. ಮುಖಕ್ಕೆ ಪೂರ್ತಿ ಮುಚ್ಚುವ ಕವಚ ಬೇಕು. ಕೈಗವಸು, ಸಡಿಲ ತೋಳು, ಇಳಿಬಿದ್ದ ಕೂದಲು ಬೇಡ.

ಉಳಿಗಳಲ್ಲಿ ಮೂಲೆ ತೆಗೆಯಲು ಅಗಲವಾದ ಗೌಜ್ (ತೋಡುಳ್ಳ ಉಳಿ), ಆಕಾರಕ್ಕೆ ಸಣ್ಣ ಗೌಜ್, ಕೊನೆಯ ನಯಕ್ಕೆ ಓರೆಯಂಚಿನ ಸ್ಕ್ಯೂ ಸಾಕು. ಸ್ಕ್ಯೂ ಕಲಿಯಲು ತಾಳ್ಮೆ ಬೇಕು. ಅದರ ಮೂಲೆ ಮರಕ್ಕೆ ಕಚ್ಚಿಕೊಂಡರೆ ಕ್ಷಣದಲ್ಲಿ ತುಂಡು ಹಾಳಾಗುತ್ತದೆ, ಆದರೆ ಅಂಚಿನ ಹಿಂದಿನ ಇಳಿಜಾರು ಮರಕ್ಕೆ ತಾಗಿಕೊಂಡೇ ಇರುವಂತೆ ಹಿಡಿದು, ಅಂಚಿನ ಕೆಳಗಿನ ಅರ್ಧದಿಂದ ಮಾತ್ರ ಹೆರೆಯಲು ಬಂದರೆ ಉಪ್ಪುಕಾಗದದ ಕೆಲಸವೇ ಅರ್ಧವಾಗುತ್ತದೆ. ಕಾರ್ಬೈಡ್ ತುಣುಕು ಕೂರಿಸಿದ ಉಳಿಗಳಿಗೆ ಸಾಣೆ ಬೇಕಿಲ್ಲ, ಹಿಡಿತವೂ ಸುಲಭ. ಅವು ಮರವನ್ನು ಕತ್ತರಿಸುವುದಕ್ಕಿಂತ ಕೆರೆಯುವುದು ಹೆಚ್ಚು. ಹೊಸಬರಿಗೆ ಬೇಡ ಎನ್ನಲಾರೆ.

ಸಿಬಿರು ಏಳುವುದು ಮೂರು ಕಾರಣದಿಂದ: ಉಳಿ ಮೊಂಡಾಗಿದೆ, ಒಂದೇ ಸಲಕ್ಕೆ ಬಹಳ ತೆಗೆಯುತ್ತಿದ್ದೀರಿ, ಅಥವಾ ತಗ್ಗಿನಿಂದ ದಿಣ್ಣೆಗೆ ಕಡೆಯುತ್ತಿದ್ದೀರಿ. ಕಡೆತ ಯಾವಾಗಲೂ ದಪ್ಪದಿಂದ ಸಣ್ಣಕ್ಕೆ ಇಳಿಯಬೇಕು, ಆಗ ಪ್ರತಿ ಎಳೆಗೂ ಕೆಳಗಿನ ಎಳೆ ಆಸರೆಯಾಗಿರುತ್ತದೆ. ಗಂಟು, ಸುರುಳಿ ಎಳೆಯಿರುವ ಮರಕ್ಕೆ ಆಕಾರ ಬರಲು ಇನ್ನೊಂದು ಮಿಲಿಮೀಟರ್ ಇರುವಾಗ ತೆಳುವಾದ ಸೂಪರ್ ಗ್ಲೂ ಕುಡಿಸಿ ಗಟ್ಟಿಮಾಡಿಕೊಳ್ಳಬಹುದು. ಒಂದು ಪೆನ್ನಿಗೆ ಎರಡು ಸಲವಾದರೂ ಉಳಿಗೆ ಸಾಣೆ ಹಿಡಿಯಿರಿ. ಹಿಟ್ಟಿನಂಥ ಪುಡಿ ಬದಲು ಎಳೆಎಳೆಯಾದ ಸುರುಳಿ ಹಾರುತ್ತಿದ್ದರೆ ಉಳಿ ಹದದಲ್ಲಿದೆ.

ಪ್ರಶ್ನೆ: ಅರಗಿನ ಪಾಲಿಶ್ ಹಚ್ಚಿದ ಪೆನ್ನು ಮೂರು ತಿಂಗಳಲ್ಲಿ ಮಂಕಾಯಿತು. ಸೂಪರ್ ಗ್ಲೂ ಹಚ್ಚಿದರೆ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆಂದು ಮನಸ್ಸು ಒಪ್ಪುವುದಿಲ್ಲ. ನಡುವಣ ದಾರಿ ಇದೆಯೇ?

ಉತ್ತರ: ಅರಗನ್ನು ಮದ್ಯಸಾರದಲ್ಲಿ ಕರಗಿಸಿ ಮೇಣ ಬೆರೆಸಿದ ಪಾಲಿಶ್ ತಿರುಗುವ ಮರದ ಮೇಲಿನ ಘರ್ಷಣೆಯ ಶಾಖಕ್ಕೆ ಅರೆಕ್ಷಣದಲ್ಲಿ ಹೊಳಪು ಕೊಡುತ್ತದೆ, ಆ ಹೊಳಪಿಗೆ ಮನಸೋಲದವರಿಲ್ಲ. ಆದರೆ ಪೆನ್ನು ಗೋಡೆಗೆ ನೇತುಹಾಕುವ ವಸ್ತುವಲ್ಲ. ದಿನಕ್ಕೆ ಗಂಟೆಗಟ್ಟಲೆ ಬೆವರುವ ಬೆರಳುಗಳ ನಡುವೆ ಇರುವ ವಸ್ತುವಿನ ಮೇಲೆ ಅರಗಿನ ತೆಳು ಪದರ ಬಾಳುವುದಿಲ್ಲ. ಪ್ರದರ್ಶನಕ್ಕೋ ಅಪರೂಪದ ಸಹಿಗೋ ಆದರೆ ಸರಿ.

ಸೂಪರ್ ಗ್ಲೂ ಪದರ ನೀರು, ಬೆವರು ಎರಡಕ್ಕೂ ಜಗ್ಗುವುದಿಲ್ಲ. ಪ್ಲಾಸ್ಟಿಕ್ಕಿನಂತೆ ಕಾಣುವುದು ಪದರ ದಪ್ಪವಾದಾಗ ಮತ್ತು ಕನ್ನಡಿಯಂತೆ ತಿಕ್ಕಿದಾಗ. ನೀವು ಕೇಳಿದ ನಡುವಣ ದಾರಿ ಇದೇ ಅಂಟಿನಲ್ಲೇ ಇದೆ. ಮೊದಲು ಮರವನ್ನು 150ರಿಂದ ಶುರುಮಾಡಿ 240, 320, 400, 600ರವರೆಗೆ ಉಜ್ಜಬೇಕು. ಪ್ರತಿ ಅಂಕೆಯಾದ ಮೇಲೂ ಲೇತನ್ನು ನಿಲ್ಲಿಸಿ, ಅದೇ ಕಾಗದದಿಂದ ಎಳೆಯ ಉದ್ದಕ್ಕೆ ಕೈಯಲ್ಲಿ ಉಜ್ಜದಿದ್ದರೆ ಸುತ್ತು ಗೀರುಗಳು ಉಳಿದುಬಿಡುತ್ತವೆ, ಮುಂದಿನ ಕಾಗದ ಅವನ್ನು ತೆಗೆಯುವುದಿಲ್ಲ. ಉಜ್ಜುವಾಗ ಒತ್ತಬೇಡಿ, ಬೆರಳಿಗೆ ಬಿಸಿ ತಿಳಿದರೆ ಮರಕ್ಕೆ ಅದು ಆಗಲೇ ಹೆಚ್ಚಾಗಿದೆ. ಪುಡಿಯನ್ನು ಪೂರ್ತಿ ಒರೆಸಿ, ಮಡಿಸಿದ ಕಾಗದದ ಒರೆಸುವ ಹಾಳೆಯ ಮೇಲೆ ಎರಡು ಮೂರು ಹನಿ ತೆಳು ಅಂಟು ಬಿಟ್ಟು, ನಿಧಾನವಾಗಿ ತಿರುಗುವ ಮರಕ್ಕೆ ಒಂದೇ ಕೈಬೀಸಿನಲ್ಲಿ ಸವರಿ. ಬೇಗ ಒಣಗಲೆಂದು ರಾಸಾಯನಿಕ ಸಿಂಪಡಿಸಬೇಡಿ, ಅದರಿಂದ ಬಿಳಿ ಮಚ್ಚೆ, ಗುಳ್ಳೆ ಏಳುತ್ತವೆ. ನಾಲ್ಕೈದು ತೆಳು ಪದರ ಸಾಕು. ಆಮೇಲೆ ನೀರು ಹಚ್ಚಿದ ನಯವಾದ ಪಾಲಿಶ್ ಹಾಳೆಗಳಿಂದ 1500ರಿಂದ ಮೇಲಕ್ಕೆ ಹೋಗಿ, ಹೊಳಪು ಸಾಕೆನಿಸಿದ ಅಂಕೆಯಲ್ಲಿ ನಿಲ್ಲಿಸಿ. 12000ದವರೆಗೆ ಹೋಗಲೇಬೇಕೆಂಬ ನಿಯಮವಿಲ್ಲ, 4000ದ ಹತ್ತಿರ ನಿಲ್ಲಿಸಿದ ಪೆನ್ನು ಮರದಂತೆಯೇ ಕಾಣುತ್ತದೆ.

ಈ ಕೆಲಸಕ್ಕೆ ಹತ್ತಿಬಟ್ಟೆಯನ್ನು ಎಂದಿಗೂ ಬಳಸಬೇಡಿ. ತಿರುಗುವ ಭಾಗಕ್ಕೆ ಬಟ್ಟೆ ಸುತ್ತಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ, ಕಾಗದವಾದರೆ ಹರಿದುಹೋಗುತ್ತದೆ. ಅದಕ್ಕಿಂತ ಮಿಗಿಲಾಗಿ, ಹತ್ತಿಯ ಎಳೆಗಳಿಗೆ ಸೈನೋಅಕ್ರಿಲೇಟ್ ಹೆಚ್ಚಾಗಿ ತಗಲಿದರೆ ಹೊಗೆಯೇಳುವಷ್ಟು, ಚರ್ಮ ಸುಡುವಷ್ಟು ಶಾಖ ಹುಟ್ಟುತ್ತದೆ. ಅಂಟಿನ ಆವಿ ಕಣ್ಣು, ಮೂಗನ್ನು ಉರಿಸುವುದರಿಂದ ಕಿಟಕಿ ತೆರೆದಿರಲಿ. ಬುಶ್‌ಗೂ ಮರಕ್ಕೂ ಒಟ್ಟಾಗಿ ಪದರ ಕಟ್ಟಿಕೊಂಡರೆ ಬಿಡಿಸುವಾಗ ಅಂಚು ಚಕ್ಕೆಯೇಳುತ್ತದೆ. ಮೊದಲೇ ಬುಶ್‌ಗಳಿಗೆ ಮೇಣ ತಿಕ್ಕಿಡಿ.

ಪ್ರಶ್ನೆ: ಬೀಟೆಮರ ಕಡೆದ ದಿನವೆಲ್ಲ ಮುಂಗೈಯಲ್ಲಿ ತುರಿಕೆ, ಕೆಂಪು ಗುಳ್ಳೆ. ಮರದ ಪುಡಿಯೇ ಕಾರಣವೇ? ಬೀಟೆಯ ಬಳಕೆಗೆ ಕಾನೂನಿನ ತಡೆ ಇದೆಯೆಂದೂ ಕೇಳಿದ್ದೇನೆ.

ಉತ್ತರ: ಆ ಸಂದೇಹ ಸರಿಯಾದದ್ದು. ಬೀಟೆಯ ಕುಲಕ್ಕೆ ಸೇರಿದ ಹಲವು ಮರಗಳಲ್ಲಿ ಚರ್ಮವನ್ನು ಕೆರಳಿಸುವ ರಾಸಾಯನಿಕಗಳಿವೆ, ಒಮ್ಮೆ ದೇಹ ಅದಕ್ಕೆ ಪ್ರತಿಕ್ರಿಯಿಸಲು ಕಲಿತರೆ ಮುಂದೆ ಅತ್ಯಲ್ಪ ಪುಡಿಯೂ ಸಾಕಾಗುತ್ತದೆ. ಆ ಮರವನ್ನು ಬಿಟ್ಟುಬಿಡಿ, ಗುಳ್ಳೆಯನ್ನು ವೈದ್ಯರಿಗೆ ತೋರಿಸಿ. ಚರ್ಮದ ಮಾತು ಹಾಗಿರಲಿ, ಶ್ವಾಸಕೋಶಕ್ಕೆ ಎಲ್ಲ ಮರದ ಪುಡಿಯೂ ಕೆಡುಕೇ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 1995ರಲ್ಲಿ ಮರದ ಪುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಉಜ್ಜುವಾಗ ಏಳುವ, ಕಣ್ಣಿಗೆ ಕಾಣದ ನಯವಾದ ಪುಡಿ ಹೆಚ್ಚು ಅಪಾಯದ್ದು, ಆದ್ದರಿಂದ ಮುಖಕ್ಕೆ ಸರಿಯಾಗಿ ಕೂರುವ ಧೂಳಿನ ಮಾಸ್ಕ್ ಉಜ್ಜುವಾಗಲಾದರೂ ಕಡ್ಡಾಯ.

ಕಾನೂನಿನ ವಿಷಯ: ಬೀಟೆ ಸೇರಿರುವ ಡಾಲ್ಬರ್ಜಿಯಾ ಕುಲವನ್ನು 2017ರ ಜನವರಿಯಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿ ಸೇರಿಸಲಾಗಿದೆ. ಬ್ರೆಜಿಲಿನ ಬೀಟೆ 1992ರಿಂದಲೇ ಮೊದಲ ಪಟ್ಟಿಯಲ್ಲಿದೆ. ಈ ಒಪ್ಪಂದ ದೇಶಗಳ ನಡುವಿನ ವ್ಯಾಪಾರಕ್ಕೆ ಸಂಬಂಧಿಸಿದ್ದು. ಮರವನ್ನು ಗಡಿಯಾಚೆಗೆ ಕಳಿಸುವ ಅಥವಾ ತರಿಸುವ ಮೊದಲು ಅನುಮತಿಯ ವಿಚಾರ ನೋಡಿಕೊಳ್ಳಿ. ಹಳೆಯ ಪೀಠೋಪಕರಣದ ಮುರಿದ ಕಾಲು ಎಷ್ಟೋ ವೇಳೆ ಇದಕ್ಕಿಂತ ಒಳ್ಳೆಯ ಮೂಲ: ದಶಕಗಳಿಂದ ಒಣಗಿದ್ದು, ತೂಗುವ ಕಷ್ಟವೂ ಕಡಿಮೆ.

ಪ್ರಶ್ನೆ: ಎಲ್ಲ ಜೋಡಿಸಿದ ಮೇಲೆ ಪೆನ್ನು ತಿರುಗಿಸಿದರೆ ರಿಫಿಲ್ಲಿನ ತುದಿ ಒಳಗೆ ಹೋಗುವುದೇ ಇಲ್ಲ.

ಉತ್ತರ: ತಿರುಗಿಸುವ ಭಾಗವನ್ನು ಕೊಳವೆಯೊಳಕ್ಕೆ ಹೆಚ್ಚು ಒತ್ತಿದ್ದೀರಿ. ಮರದ ದವಡೆ ಹಾಕಿದ ವೈಸಿನಲ್ಲಿ ಅರ್ಧ ಮಿಲಿಮೀಟರಿನಂತೆ ಒತ್ತಿ, ಪ್ರತಿ ಸಲವೂ ರಿಫಿಲ್ ಹಾಕಿ ತಿರುಗಿಸಿ ನೋಡಬೇಕು. ಕಡಿಮೆ ಒತ್ತಿದ್ದನ್ನು ಮತ್ತೆ ಒತ್ತಬಹುದು. ಹೆಚ್ಚು ಒತ್ತಿದ್ದನ್ನು ಹೊರಗೆ ತರಲು ಎದುರು ತುದಿಯಿಂದ ಸರಳು ತೂರಿಸಿ ಹಗುರವಾಗಿ ತಟ್ಟಬೇಕಾಗುತ್ತದೆ, ಆಗ ಮರಕ್ಕೆ ಪೆಟ್ಟು ಬೀಳುವ ಅಪಾಯವಿದೆ. ಒತ್ತುವ ಮೊದಲು ಕೊಳವೆಯ ಒಳಗೆ ಒಣಗಿದ ಅಂಟಿನ ಗಂಟು ಉಳಿದಿಲ್ಲವೇ ಎಂದು ಬೆಳಕಿಗೆ ಹಿಡಿದು ನೋಡಿ. ಅಂಥ ಗಂಟಿನ ಮೇಲೆ ಲೋಹವನ್ನು ಬಲವಂತದಿಂದ ಒತ್ತಿದಾಗ ಕೊಳವೆ ಉಬ್ಬಿ, ಜೋಡಣೆಯ ಮೇಜಿನ ಮೇಲೆಯೇ ಮರ ಸೀಳಿದ ಉದಾಹರಣೆಗಳಿವೆ.

ಪ್ರಶ್ನೆ: ಇದೇ ರೀತಿಯಲ್ಲಿ ಇಂಕ್ ಪೆನ್ನನ್ನೂ ಮಾಡಬಹುದೇ? ಕಿಟ್ ಇಲ್ಲದೆ ಪೂರ್ತಿ ಮರದಲ್ಲೇ ಮಾಡುವ ಆಸೆಯಿದೆ.

ಉತ್ತರ: ಮಾಡಬಹುದು, ಆದರೆ ಮೊದಲ ಹತ್ತು ಪೆನ್ನುಗಳಾದ ಮೇಲೆ ಕೈಹಾಕಿ. ಮುಚ್ಚಳ ತಿರುಗಿಸಿ ಮುಚ್ಚಲು ಬೇಕಾದ ತಿರುಪಿನ ಎಳೆಗಳನ್ನು ಮರದಲ್ಲೇ ಕತ್ತರಿಸಿದರೆ ಅವು ಪುಡಿಯಾಗುತ್ತವೆ. ಶಾಯಿ ತಾಗುವ ಜಾಗದಲ್ಲಿ ಮರ ಶಾಯಿಯನ್ನು ಹೀರಿಕೊಂಡು ಊದುತ್ತದೆ. ಆದ್ದರಿಂದ ನಿಬ್ ಕೂರುವ ಭಾಗವನ್ನೂ ಮುಚ್ಚಳದ ಒಳಪದರವನ್ನೂ ಎಬೊನೈಟ್ (ಗಟ್ಟಿ ರಬ್ಬರ್) ಅಥವಾ ಅಕ್ರಿಲಿಕ್ಕಿನಲ್ಲಿ ಮಾಡಿ, ಮರವನ್ನು ಹೊರಗಿನ ಅಂಗಿಯಾಗಿ ಇಟ್ಟುಕೊಳ್ಳುವುದೇ ಬಾಳಿಕೆಯ ದಾರಿ. ಅಲ್ಲಿಗೆ ಪೂರ್ತಿ ಮರದ ಪೆನ್ನು ಎಂಬ ಮಾತು ಕೊಂಚ ಸಡಿಲವಾಗುತ್ತದೆ, ಅಷ್ಟೇ.

ಪ್ರಶ್ನೆ: ಬಿರಿದ ಪೆನ್ನನ್ನು ಉಳಿಸಿಕೊಳ್ಳುವ ಉಪಾಯವಿದೆಯೇ, ಅಥವಾ ಎಸೆಯಬೇಕೇ?

ಉತ್ತರ: ಬಿರುಕಿಗೆ ಅದೇ ಮರದ ಪುಡಿ ತುಂಬಿ, ತೆಳು ಅಂಟು ಕುಡಿಸಿ, ಮೇಲೆ ಉಜ್ಜಿದರೆ ಮೇಲ್ನೋಟಕ್ಕೆ ಮರೆಯಾಗುತ್ತದೆ. ಮರ ಕುಗ್ಗುವುದನ್ನು ಮುಗಿಸಿದ್ದರೆ ಈ ತೇಪೆ ನಿಲ್ಲುತ್ತದೆ. ಮುಗಿಸಿಲ್ಲದಿದ್ದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಬಿಡುತ್ತದೆ. ನಾನಾದರೆ ಲೋಹದ ಭಾಗಗಳನ್ನು ಸರಳಿನಿಂದ ತಟ್ಟಿ ಹೊರತೆಗೆದು, ತುಂಡನ್ನು ಮತ್ತೆ ಲೇತಿಗೆ ಏರಿಸಿ, ಮರವನ್ನೆಲ್ಲ ಹಿತ್ತಾಳೆ ಕಾಣುವವರೆಗೆ ಕಡೆದು ತೆಗೆಯುತ್ತೇನೆ. ಕೊಳವೆ ಬಾಗಿಲ್ಲವೆಂದು ವರ್ನಿಯರ್ ಕ್ಯಾಲಿಪರಿನಿಂದ ಎರಡು ಮೂರು ಕಡೆ ಅಳೆದು, ಅಂಟಿನ ಅವಶೇಷವನ್ನು ಉಜ್ಜಿ ತೆಗೆದರೆ ಅದು ಹೊಸದರಷ್ಟೇ ಒಳ್ಳೆಯದು. ಒಡೆದು ನೋಡಿದಾಗ ಬಿರುಕಿನ ಜಾಗದಲ್ಲಿ ಹಿತ್ತಾಳೆಯ ಮೇಲೆ ಅಂಟೇ ಇಲ್ಲದ ಬೋಳು ಪಟ್ಟೆ ಕಂಡರೆ, ತೇವದ ಜೊತೆಗೆ ನಿಮ್ಮ ಅಂಟಿಸುವ ಕ್ರಮವೂ ತಿದ್ದಬೇಕಾದದ್ದು. ಹೊಸ ತುಂಡನ್ನು ಅದಕ್ಕೆ ಕೊರೆಯುವ ಮೊದಲು ಮೂರು ವಾರ ತೂಗಿ.